ಲೆಕ್ಕಕ್ಕೆ ಬಾರದ ಎಂಟು

ಆ ಮನೆಯ ಗ್ಯಾರೇಜಿನಲ್ಲಿ ಒಂದು ದಿನವೂ ಕಾರು ನಿಲ್ಲಲಿಲ್ಲ. ನಾವು ಅಲ್ಲಿಗೆ ಬಂದ ಮೂರನೆಯ ವರ್ಷವೇ ಅಪ್ಪ ಅದರ ಒಳಗೋಡೆಗೆ ಒಂದು ಹಳೆಯ ಹಾಸಿಗೆಯನ್ನು ಹಗ್ಗ ಕಟ್ಟಿ ನಿಲ್ಲಿಸಿದ. ಅವ್ವ ತನ್ನ ಹರಿದ ಇಳಕಲ್ ಸೀರೆಯ ಸೆರಗಿನಿಂದ ಒಂದು ಚೌಕ ಕತ್ತರಿಸಿ ಹಾಸಿಗೆಯ ನಡುವೆ ದಬ್ಬಳದಿಂದ ಹೊಲಿದಳು. ಆ ಕೆಂಪು ಚೌಕಕ್ಕೆ ನನ್ನ ತಮ್ಮ ಶಿವು ದಿನವೂ ಶಾಲೆಯಿಂದ ಬಂದು ಬೇಸ್‌ಬಾಲ್ ಚೆಂಡು ಎಸೆಯುತ್ತಿದ್ದ. ಗೋಡೆಯ ಈಚೆಗೆ ಅಡುಗೆಮನೆ. ನಾನೂ ಅವ್ವನೂ ಜೋಳದ ರೊಟ್ಟಿ ಬಡಿಯುವಾಗ ಗೋಡೆಯಾಚೆಯಿಂದ ಚೆಂಡು ಬಡಿಯುವ ಸದ್ದು ಬರುತ್ತಿತ್ತು. ಎಷ್ಟೋ ಸಲ ನಮ್ಮ ಕೈ ತಾನಾಗಿಯೇ ಅವನ ಚೆಂಡಿಗೆ ಹೊಂದಿಕೊಂಡುಬಿಡುತ್ತಿತ್ತು. ಅವನು ನೀರು ಕುಡಿಯಲು ನಿಂತರೆ ಅವ್ವನ ರೊಟ್ಟಿಯೂ ಅರ್ಧಕ್ಕೆ ನಿಲ್ಲುತ್ತಿತ್ತು. ಈಗ ನನ್ನ ಬಳಿ ಆ ಮನೆಯದೆಂದು ಉಳಿದಿರುವುದು ಆ ಸದ್ದೊಂದೇ. ಕೇಳಬೇಡವೆಂದರೂ ಕೇಳುತ್ತದೆ.

ನಾವು ಅಮೆರಿಕದ ಫೋರ್ಟ್ ಮಿಲ್ಲಿಗೆ ಬಂದ ವರ್ಷ ಬೀದಿಯ ನಾಲ್ಕಾರು ಮನೆಗಳ ಮುಂದೆ ಬ್ಯಾಂಕಿನ ಫಲಕಗಳಿದ್ದವು. ಸಾಲ ಕಟ್ಟಲಾಗದೆ ಜನ ಬಿಟ್ಟುಹೋದ ಆ ಮನೆಗಳ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಅಪ್ಪ ನೂಲಿನ ಯಂತ್ರಗಳ ಎಂಜಿನಿಯರ್. ಎರಡೂ ಕ್ಯಾರೊಲೈನಾಗಳಲ್ಲಿ ಇನ್ನೂ ಉಸಿರಾಡುತ್ತಿದ್ದ ಗಿರಣಿಗಳಿಗೆ ಹೋಗಿ ಯಂತ್ರ ಸರಿಮಾಡಿ ಬರುವುದು ಅವನ ಕೆಲಸ. ನನಗೆ ಆಗ ಹದಿನೈದು, ಶಿವುಗೆ ಎಂಟು. ಗೋಕಾಕದ ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿ ಮುಗಿಸಿ ಬಂದವಳನ್ನು ಇಲ್ಲಿ ಮತ್ತೆ ಒಂಬತ್ತಕ್ಕೇ ಕೂರಿಸಿದರು. ಎರಡು ವರ್ಷ ಕೂತೆ. ಮಾಸ್ತರರು ಹೇಳಿದ್ದು ತಿಳಿಯುವಷ್ಟರಲ್ಲಿ ಅವರು ಮುಂದಿನ ಪಾಠದಲ್ಲಿರುತ್ತಿದ್ದರು. ಒಂದು ಬೆಳಿಗ್ಗೆ ಬಸ್ಸು ಬಂದು ನಿಂತಿತು, ನಾನು ಬಾಗಿಲಲ್ಲೇ ನಿಂತಿದ್ದೆ, ಬಸ್ಸು ಹೋಯಿತು. ಮರುದಿನವೂ ಹಾಗೇ. ಯಾರೂ ಬೈಯಲಿಲ್ಲ. ಅವ್ವ ಎರಡನೆಯ ರೊಟ್ಟಿ ಹಲಗೆ ಹುಡುಕಿ ತೆಗೆದು ತೊಳೆದಿಟ್ಟಳು, ಅಷ್ಟೇ. ಆ ಹೊತ್ತಿಗೆ ಅವಳು ಪಕ್ಕದ ಷಾರ್ಲಟ್ಟಿನ ಕನ್ನಡದವರಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿಕೊಡತೊಡಗಿದ್ದಳು. ಒಯ್ಯಲು ಬರುವವರಲ್ಲಿ ಬೆಂಗಳೂರಿನ ಸುಮಾ ಆಂಟಿ ಒಬ್ಬರು. ಬಂದಾಗಲೆಲ್ಲ ಅವರದು ಒಂದೇ ಪ್ರಶ್ನೆ.

"ಗಂಗಾ, ಈಗ ಏನ್ ಓದ್ತಿದ್ಯಮ್ಮಾ? ಎಲ್ಲಾದ್ರೂ ಅಪ್ಲೈ ಮಾಡಿದ್ಯಾ?"

"ಆಕಿ ಮನ್ಯಾಗ ನನಗ ಆಸರ ಆಗ್ಯಾಳ್ರಿ," ಎಂದು ಅವ್ವನೇ ಉತ್ತರ ಕೊಡುತ್ತಿದ್ದಳು.

"ಓ, ಹೆಲ್ಪ್ ಮಾಡ್ತಾಳಾ? ಗುಡ್, ಗುಡ್."

ಆ ಎರಡನೆಯ ‘ಗುಡ್’ ನನ್ನನ್ನು ಇಡೀ ವಾರ ಕೊರೆಯಲು ಸಾಲುತ್ತಿತ್ತು. ಸುಮಾ ಆಂಟಿ ಕೆಟ್ಟವರಲ್ಲ. ಅವರಿಗೆ ನನ್ನ ಜೊತೆ ಮಾತಾಡಲು ಬೇರೆ ವಿಷಯ ಇರಲಿಲ್ಲ.

ಶಿವು ಎಡಚ. ಅದು ನಮ್ಮ ಮನೆಯ ಮೊದಲ ಜಗಳ, ಬಹಳ ದಿನ ನಡೆದ ಜಗಳ. ಅವ್ವ ದಿನವೂ ಇಷ್ಟಲಿಂಗ ಪೂಜೆ ಮಾಡುವವಳು. ಮಗ ಎಡಗೈ ಚಾಚಿ ಪ್ರಸಾದ ಕೇಳುವುದು, ಎಡಗೈಯಲ್ಲಿ ರೊಟ್ಟಿ ಮುರಿಯುವುದು ಅವಳಿಗೆ ಸಹಿಸುತ್ತಿರಲಿಲ್ಲ.

"ಎಡಗೈಲೆ ಉಣ್ತಾರೇನೋ ಮಂಗ್ಯಾ? ಆ ಕೈ ಯಾತಕ್ಕ ಅದ ಗೊತ್ತಿಲ್ಲ ನಿನಗ?"

"ಈ ಹ್ಯಾಂಡ್ ವರ್ಕ್ ಆಗಂಗಿಲ್ಲ ಅವ್ವಾ," ಎಂದು ಅವನು ಬಲಗೈ ಎತ್ತಿ ತೋರಿಸುತ್ತಿದ್ದ, ಕೆಟ್ಟುನಿಂತ ಸಾಮಾನು ತೋರಿಸುವ ಹಾಗೆ.

ಅವ್ವ ಎಡಗೈ ಮೇಲೆ ಚಟ್ಟನೆ ಹೊಡೆಯುತ್ತಿದ್ದಳು. ಕೊನೆಗೆ ಅವನು ಬಲಗೈಯಲ್ಲಿ ಉಣ್ಣಲು ಕಲಿತ, ಆದರೆ ನಿಧಾನವಾಗಿ. ಎಲ್ಲರೂ ಎದ್ದಮೇಲೂ ಒಬ್ಬನೇ ಕೂತು ಉಣ್ಣುತ್ತಿದ್ದ. ಆಮೇಲೆ ಒಂದು ದಿನ ಅಪ್ಪ ಶಿವು ಬೇಸ್‌ಬಾಲ್ ಆಡುವ ಮೈದಾನದಿಂದ ಓಡೋಡಿ ಬಂದವನಂತೆ ಬಂದ. ಬೇಸ್‌ಬಾಲಿನಲ್ಲಿ ಪಿಚರ್ ಎಂದರೆ ನಮ್ಮ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ. ಆದರೆ ಆರು ಚೆಂಡಿಗೊಮ್ಮೆ ಇನ್ನೊಬ್ಬನಿಗೆ ಕೊಡುವ ಪದ್ಧತಿ ಇಲ್ಲ. ಒಬ್ಬನೇ ಎಸೆಯುತ್ತ ಹೋಗಬೇಕು, ಅವನ ತೋಳು ಸಾಕೆನ್ನುವವರೆಗೆ ಅಥವಾ ಕೋಚ್ ಬಂದು ಕೈಯಿಂದ ಚೆಂಡು ಇಸಿದುಕೊಳ್ಳುವವರೆಗೆ. ಎಡಗೈಯಿಂದ ಹಾಗೆ ಎಸೆಯುವ ಹುಡುಗರು ಸಿಗುವುದು ಕಷ್ಟವೆಂದು ಯಾರೋ ಅಪ್ಪನಿಗೆ ಹೇಳಿದ್ದರು.

"ಕೇಳಿಲ್ಲಿ, ಇವತ್ತಿನಿಂದ ಆ ಕೈಗೆ ಹೊಡದಿ ಅಂದ್ರ ನೋಡು," ಎಂದ ಅವ್ವನಿಗೆ.

"ಕೈಗೆ ಹೊಡ್ಯಂಗಿಲ್ಲ. ಬೆನ್ನಿಗೆ ಹೊಡೀತೀನಿ," ಎಂದಳು ಅವ್ವ, ಹಿಟ್ಟಿನಿಂದ ತಲೆ ಎತ್ತದೆ.

ಹೀಗೆ ನಮ್ಮ ಮನೆಯಲ್ಲಿ ಎಡಗೈ ದೊಡ್ಡದಾಯಿತು. ಅದಕ್ಕೆ ಚಳಿಗಾಲದಲ್ಲಿ ಉಣ್ಣೆಯ ಬೇರೆ ತೋಳು. ಆ ಕೈಯಲ್ಲಿ ಕಿರಾಣಿ ಚೀಲ ಹಿಡಿಯುವಂತಿಲ್ಲ. ದಿನವೂ ಸಂಜೆ ಅದಕ್ಕೆ ಬೆಚ್ಚಗಿನ ಔಡಲೆಣ್ಣೆ ತಿಕ್ಕುವುದು ನನ್ನ ಪಾಲಿಗೆ ಬಂತು. ಅಡುಗೆಮನೆಯ ನೆಲದ ಮೇಲೆ ಅವನು ಗೋಡೆಗೊರಗಿ ಕೂರುತ್ತಿದ್ದ. ಭುಜದಿಂದ ಬೆರಳ ತುದಿಯವರೆಗೆ ನಾನು ಎಳೆದು ಎಳೆದು ತಿಕ್ಕುತ್ತಿದ್ದೆ. ಆ ಹೊತ್ತಿನಲ್ಲಿ ಮಾತ್ರ ಅವನು ಇಂಗ್ಲಿಷ್ ಕಡಿಮೆ ಮಾಡಿ ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದ. ಶಾಲೆಯಲ್ಲಿ ಯಾವ ಹುಡುಗಿ ನೋಡಿ ನಕ್ಕಳು, ಯಾವ ಹುಡುಗ ಊಟದ ಡಬ್ಬಿ ಮೂಸಿ ಮೂಗು ಮುಚ್ಚಿಕೊಂಡ, ಎಲ್ಲ. ಎಲ್ಲಿ ನೋಯುತ್ತದೆ ಎಂಬುದನ್ನೂ ನನಗೇ ಮೊದಲು ಹೇಳುತ್ತಿದ್ದ.

ಎಣಿಸುವ ಕೆಲಸವೂ ಆಗಲೇ ಶುರುವಾದದ್ದು. ಗ್ಯಾರೇಜಿನಲ್ಲಿ ಎಷ್ಟು ಚೆಂಡು ಎಸೆದೆ ಎಂದು ಅವನಿಗೇ ನೆನಪಿರುತ್ತಿರಲಿಲ್ಲ. "ಅಕ್ಕಾ, ಕೌಂಟ್ ಮಾಡ್ತಿಯಾ?" ಎಂದ. ಅವ್ವನ ಹಳೆಯ ರುದ್ರಾಕ್ಷಿ ಸರ ತೆಗೆದುಕೊಂಡು ಹೋಗಿ ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತೆ. ಒಂದು ಎಸೆತಕ್ಕೆ ಒಂದು ಮಣಿ. ಗಟ್ಟಿಯಾಗಿ ಕನ್ನಡದಲ್ಲಿ ಎಣಿಸುತ್ತಿದ್ದೆ; ಅವನೂ ಎಸೆಯುತ್ತಲೇ ದನಿಗೂಡಿಸುತ್ತಿದ್ದ. ಅವನಿಗೆ ಕನ್ನಡದ ಅಂಕಿ ಬಂದದ್ದು ಹಾಗೆ. ಸರ ಮುಗಿಯುವುದು ನೂರಾ ಎಂಟಕ್ಕೆ. ಅದರಾಚೆಯ ಅಂಕಿ ಅವನಿಗೆ ಕನ್ನಡದಲ್ಲಿ ಇವತ್ತಿಗೂ ಬರುವುದಿಲ್ಲ.

ಅವ್ವನದು ಜಪದ ಒಂದು ಕ್ರಮ. ಸರದಲ್ಲಿ ನೂರಾ ಎಂಟು ಮಣಿ ಇದ್ದರೂ ಒಂದು ಸುತ್ತಿಗೆ ನೂರೇ ಎಂದು ಹಿಡಿಯುತ್ತಿದ್ದಳು. ಯಾಕೆಂದು ಸಣ್ಣವಳಿದ್ದಾಗ ಕೇಳಿದ್ದೆ.

"ಮ್ಯಾಲಿನ ಎಂಟು ಲೆಕ್ಕಕ್ಕಿಲ್ಲ. ಜಪ ಮಾಡ್ವಾಗ ಮನಸ್ಸು ಅಲ್ಲೆಲ್ಲೋ ಒಲಿ ಮ್ಯಾಗಿನ ಹಾಲಿಗೆ ಹೋಗಿರ್ತದ. ಆ ತಪ್ಪಿಗೆ ಎಂಟು," ಎಂದಿದ್ದಳು.

ನಮಗೂ ಅದೇ ರೂಢಿಯಾಯಿತು. ಒಂದು ಸರ ಎಸೆದರೆ ನೂರು. "ಇವತ್ತ ಒಂದ್ ಸರ ಹಾಕ್ದೆ," ಎಂದು ಶಿವು ಅಪ್ಪನಿಗೆ ಹೇಳುತ್ತಿದ್ದ. ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ನೂರು ಎಂದು ಬರೆಯುತ್ತಿದ್ದ. ಅವ್ವ ತಾನು ಮಾಡಿದ್ದನ್ನು ಕಡಿಮೆ ಹೇಳಿ ದೇವರ ಮುಂದೆ ತಗ್ಗುತ್ತಿದ್ದಳು. ನಾನು ಕಡಿಮೆ ಹೇಳಿದ್ದು ಇನ್ನೊಬ್ಬನ ತೋಳನ್ನು. ಆಗ ಈ ವ್ಯತ್ಯಾಸ ನನ್ನ ತಲೆಗೆ ಹೋಗಲಿಲ್ಲ.

ಹದಿನಾಲ್ಕಕ್ಕೆ ಅವನನ್ನು ಊರೂರಿಗೆ ಹೋಗಿ ಆಡುವ ಒಂದು ತಂಡಕ್ಕೆ ಸೇರಿಸಿಕೊಂಡರು. ಶನಿವಾರ, ಭಾನುವಾರ ಎಂದರೆ ಕಾರು. ಗ್ರೀನ್‌ವಿಲ್ ದಾಟಿ ಅಟ್ಲಾಂಟಾಕ್ಕೆ ನಾಲ್ಕು ತಾಸು. ಅಪ್ಪ ಓಡಿಸುವುದು, ಅವ್ವನ ಕಾಲ ಬುಡದಲ್ಲಿ ರೊಟ್ಟಿಯ ಡಬ್ಬಿ, ಮೊಸರಿನ ಕ್ಯಾನು, ಹಿಂದೆ ನಾವಿಬ್ಬರು, ನಡುವೆ ಅವನ ಎಡಗೈ ದಿಂಬಿನ ಮೇಲೆ. ತಂಡದ ಪ್ರತಿ ಮನೆಯವರಿಗೂ ಒಂದು ಕೆಲಸ ಇರುತ್ತಿತ್ತು. ಒಬ್ಬರು ನೀರು ತರಬೇಕು, ಒಬ್ಬರು ಡೇರೆ ಹಾಕಬೇಕು. ನಮ್ಮ ಪಾಲಿಗೆ ಬಂದದ್ದು ಪಿಚರ್ ಎಷ್ಟು ಚೆಂಡು ಎಸೆದ ಎಂದು ಎಣಿಸುವುದು. ಹೆಬ್ಬೆರಳಿನಿಂದ ಒತ್ತಿದರೆ ಒಂದು ಅಂಕಿ ಮುಂದೆ ಹೋಗುವ, ಮುಷ್ಟಿಯಲ್ಲಿ ಅಡಗುವ ಒಂದು ಪುಟ್ಟ ಯಂತ್ರ ಕೊಟ್ಟರು. ಬೆಳೆಯುವ ಹುಡುಗರ ಮೊಣಕೈ ಹಾಳಾಗಬಾರದೆಂದು ಆ ತಂಡದಲ್ಲಿ ಒಂದು ಕಟ್ಟುನಿಟ್ಟು ಇತ್ತು: ಒಂದು ಆಟದಲ್ಲಿ ನೂರರ ಮೇಲೆ ಯಾರೂ ಎಸೆಯುವಂತಿಲ್ಲ. ಕೋಚ್ ಡೇಲ್ ಎಂಬ ದಪ್ಪ ಮೀಸೆಯ ಮನುಷ್ಯ ಪ್ರತಿ ಸರದಿ, ಎಂದರೆ ಎದುರಿನವರ ಮೂವರ ಔಟು, ಮುಗಿದ ಕೂಡಲೇ ಜಾಲರಿಯ ಬಳಿ ಬಂದು "ನಂಬರ್, ಗಂಗಾ?" ಎಂದು ಕೇಳುತ್ತಿದ್ದ. ನಾನು ಹೇಳಿದ್ದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡು "ಥ್ಯಾಂಕ್ಯೂ ಮ್ಯಾಮ್" ಎನ್ನುತ್ತಿದ್ದ. ಆ ದೇಶದಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಿ, ಹೇಳಿದ್ದನ್ನು ಬರೆದುಕೊಂಡದ್ದು ಅದೇ ಮೊದಲು.

ಮೊದಲ ಸಲ ತಪ್ಪಿದ್ದು ಅವನಿಗೆ ಹದಿನೈದಾದಾಗ. ಯಂತ್ರದಲ್ಲಿ ತೊಂಬತ್ತು ದಾಟಿತ್ತು. ಗೆಲ್ಲಲು ಇನ್ನು ಇಬ್ಬರನ್ನು ಔಟ್ ಮಾಡಬೇಕು. ಅವನ ಬದಲು ಎಸೆಯಲು ಇನ್ನೊಬ್ಬ ಹುಡುಗ ಆಗಲೇ ಪಕ್ಕದಲ್ಲಿ ತೋಳು ಬಿಸಿಮಾಡಿಕೊಳ್ಳುತ್ತಿದ್ದ. ಶಿವು ಪಿಚರ್ ನಿಲ್ಲುವ ಮಣ್ಣಿನ ದಿಬ್ಬದ ಮೇಲಿನಿಂದ ನನ್ನ ಕಡೆ ನೋಡಿದ; ಬೇಡುವ ಕಣ್ಣು. ನಾನು ಹೆಬ್ಬೆರಳನ್ನು ಎತ್ತಿ ಹಿಡಿದೆ. ಎಂಟು ಎಸೆತ ಹೋಗುವವರೆಗೂ ಒತ್ತಲಿಲ್ಲ. ಲೆಕ್ಕಕ್ಕಿಲ್ಲದ ಎಂಟು ಎಂದು ಮನಸ್ಸಿಗೆ ಹೇಳಿಕೊಂಡೆ. ಗೆದ್ದರು. ಕಾರಿನಲ್ಲಿ ಅವನು ನನ್ನ ಕಿವಿಯಲ್ಲಿ "ಥ್ಯಾಂಕ್ಸ್ ಅಕ್ಕಾ" ಎಂದ. ಅಷ್ಟು ಸುಲಭವಾಗಿ ಮುಗಿದುಹೋದದ್ದು ಎರಡನೆಯ ಸಲವೂ ಬರುತ್ತದೆ, ಮೂರನೆಯ ಸಲವೂ. ಆಮೇಲೆ ಅವನು ಬೇಡುವುದೂ ಬೇಕಾಗಲಿಲ್ಲ. ಪ್ರತಿ ಆಟದಲ್ಲಿ ಎಂಟು ಬಿಟ್ಟೇ ಎಣಿಸುವುದು ನನ್ನ ಕೈಗೆ ಅಂಟಿತು. ಅದೂ ಸಾಲದೆಂದು ವಾರದ ನಡುವೆ ಅವನು ಶಾಲೆಯ ತಂಡಕ್ಕೂ ಎಸೆಯುತ್ತಿದ್ದ. ಆ ಲೆಕ್ಕ ಇವರಿಗೆ ಗೊತ್ತಿಲ್ಲ, ಇವರ ಲೆಕ್ಕ ಅವರಿಗೆ ಗೊತ್ತಿಲ್ಲ. ಎರಡೂ ಗೊತ್ತಿದ್ದವಳು, ಎಣ್ಣೆ ತಿಕ್ಕುವಾಗ ಮೊಣಕೈಯ ಒಳಬದಿಯ ಬಿಸಿ ಬೆರಳಿಗೆ ಹತ್ತುತ್ತಿದ್ದವಳು, ನಾನೊಬ್ಬಳೇ.

ಹದಿನೇಳಕ್ಕೆ ಅವನ ಹೆಸರು ನಮಗಿಂತ ಮುಂದೆ ಹೋಗಿ ಊರುಗಳಲ್ಲಿ ಕಾಯುತ್ತಿತ್ತು. ಕಾಲೇಜು ತಂಡಗಳಿಗೆ ಹುಡುಗರನ್ನು ಆರಿಸಲು ಬಂದ, ಚೆಂಡಿನ ವೇಗ ಅಳೆಯುವ ಗನ್ನು ಹಿಡಿದ ಗಂಡಸರು ಜಾಲರಿಯ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು ಸಾಲಾಗಿ ಕೂರುತ್ತಿದ್ದರು. ಅವನು ಎಸೆದಾಗ ಎಲ್ಲರೂ ಒಟ್ಟಿಗೆ ತಲೆ ಬಗ್ಗಿಸಿ ಅಂಕಿ ನೋಡುವುದು, ಒಬ್ಬರ ಮುಖ ಒಬ್ಬರು ನೋಡದಿರುವುದು. ಕಾಲೇಜುಗಳಿಂದ ಪತ್ರ ಬರತೊಡಗಿದವು. ಅಪ್ಪ ಅವನ್ನು ದೇವರ ಕೋಣೆಯ ಕಪಾಟಿನಲ್ಲಿ ಇಡುತ್ತಿದ್ದ. ಅವ್ವ ವಿಭೂತಿ ಗಟ್ಟಿಯ ಜೊತೆ ಅವನ್ನೂ ಸರಿಸಿ ಒರೆಸುತ್ತಿದ್ದಳು. ಸುಮಾ ಆಂಟಿಯ ಪ್ರಶ್ನೆಯೂ ಬದಲಾಗಿತ್ತು. ಯುಗಾದಿಯ ಕೂಟದಲ್ಲಿ ನನ್ನ ತೋಳು ಹಿಡಿದು ಯಾರಿಗೋ ಪರಿಚಯಿಸಿದರು.

"ಇವಳೇ ಗಂಗಾ, ಶಿವು ಅಕ್ಕ. ಇವಳ ಲೆಕ್ಕ ಇಲ್ದೆ ಕೋಚ್ ಒಂದು ಬಾಲೂ ಹಾಕಿಸಲ್ವಂತೆ!"

ನಾನು ನಾಚಿದೆ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಆ ಮಾತನ್ನು ಇನ್ನೊಮ್ಮೆ ಅಂದುಕೊಂಡೆ. ಬಸ್ಸು ಬಿಟ್ಟವಳು ಯಾವುದೋ ಪರೀಕ್ಷೆಯಲ್ಲಿ ಪಾಸಾದ ಹಾಗೆ ಅನಿಸಿತ್ತು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಅಪ್ಪ ಕನ್ನಡದಲ್ಲಿ ಅಚ್ಚಾದದ್ದನ್ನೆಲ್ಲ ಓದುತ್ತಾನೆ, ಇದನ್ನೂ ಓದುತ್ತಾನೆ. ಇಷ್ಟು ವರ್ಷ ಅವನ ಮುಂದೆ ಕೂತು ಹೇಳಲಾಗದ್ದು ಇನ್ನು ಮುಂದಿನದು.

ಅಟ್ಲಾಂಟಾದ ಬೇಸಿಗೆಯ ಆಟಗಳ ಕೊನೆಯ ದಿನ, ಭಾನುವಾರ ಬೆಳಿಗ್ಗೆ. ಮೋಟೆಲಿನ ಓಣಿಯಲ್ಲಿ ಐಸ್ ಯಂತ್ರದ ಮುಂದೆ ಶಿವು ಪ್ಲಾಸ್ಟಿಕ್ ಚೀಲಕ್ಕೆ ಐಸ್ ತುಂಬುತ್ತಿದ್ದ, ಬಲಗೈಯಲ್ಲಿ. ಅದನ್ನು ನೋಡಿಯೇ ನನಗೆ ತಿಳಿಯಬೇಕಿತ್ತು.

"ಅಕ್ಕಾ, ಇವತ್ತ ನಂಬರ್ ಜಾಸ್ತಿ ಹೇಳ್ತಿಯಾ?"

"ಜಾಸ್ತಿ? ಕಡಿಮಿ ಅನ್ನು."

"ನೋ, ಜಾಸ್ತಿ. ಸೆವೆಂಟಿ ಆದಾಗ ಹಂಡ್ರೆಡ್ ಅನ್ನು. ಕೋಚ್ ತೆಗೀತಾನ."

"ಯಾಕೋ?"

ಎಡಗೈಯ ಕಿರುಬೆರಳು, ಅದರ ಪಕ್ಕದ ಬೆರಳು ತೋರಿಸಿದ. "ಈ ಎರಡೂ ಫೀಲ್ ಆಗವಲ್ವು. ನಿನ್ನೆಯಿಂದ. ಹಿಂಗ ಮುಟ್ಟಿದ್ರ ಬ್ಯಾರೇದವರ ಬೆರಳ ಇದ್ದಂಗ."

"ಕೋಚ್‌ಗೆ ಹೇಳೋ ಮತ್ತ. ಇಲ್ಲಾ ಅಪ್ಪಗ ಹೇಳು."

"ಅಪ್ಪ ಫೋರ್ ಅವರ್ಸ್ ಡ್ರೈವ್ ಮಾಡ್ಯಾನ ಅಕ್ಕಾ. ನಂಗ ಹೇಳಾಕ ಆಗಂಗಿಲ್ಲ. ನೀ ಬರೇ ನಂಬರ್ ಹೇಳು. ಪ್ರಾಮಿಸ್?"

"ಹೂಂ," ಎಂದೆ.

ಮೈದಾನದಲ್ಲಿ ಬಿಸಿಲು ಕೆಂಪು ಮಣ್ಣಿನಿಂದ ಮುಖಕ್ಕೆ ಎದ್ದು ಹೊಡೆಯುತ್ತಿತ್ತು. ಗನ್ನಿನವರು ಅಂದು ಎರಡು ಸಾಲು ಕೂತಿದ್ದರು. ಅವರಲ್ಲಿ ಒಬ್ಬ, ಬಿಳಿ ಟೋಪಿಯವನು, ನನ್ನ ಪಕ್ಕ ಬಂದು ನಿಂತ. ಆ ಹುಡುಗ ನಿಮ್ಮ ತಮ್ಮನೇ ಎಂದು ಕೇಳಿದ. ಹೌದೆಂದೆ. ಚಿಕ್ಕಂದಿನಲ್ಲಿ ಯಾರು ಕಲಿಸಿದರು ಎಂದ. ನಾನು ಗ್ಯಾರೇಜು, ಹಾಸಿಗೆ, ಸೀರೆಯ ಚೌಕ ಎಲ್ಲ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವನು ನಗಲಿಲ್ಲ, ಅವಸರ ಮಾಡಲಿಲ್ಲ. ನನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡ. ಅಪ್ಪ ದೂರದಲ್ಲಿ ನಿಂತು ನಾವು ಮಾತಾಡುವುದನ್ನು ನೋಡುತ್ತಿದ್ದ. ಅಷ್ಟು ನೇರವಾಗಿ ನಿಂತ ಅಪ್ಪನನ್ನು ನಾನು ನೋಡಿರಲಿಲ್ಲ. ಸರದಿ ಮುಗಿಯಿತು. ಯಂತ್ರದಲ್ಲಿ ಎಪ್ಪತ್ತು, ಅಂದು ಒಂದೂ ಬಿಡದೆ ಒತ್ತಿದ್ದೆ. ಡೇಲ್ ಜಾಲರಿಯ ಬಳಿ ಬಂದ. ಅವನ ಹಿಂದೆ ಬೆಂಚಿನ ಮೇಲೆ ಶಿವು, ತಲೆಯ ಮೇಲೆ ಒದ್ದೆ ಟವೆಲು.

"ನಂಬರ್, ಗಂಗಾ?"

ನೂರು ಎಂದರೆ ಆಟ ಅಲ್ಲಿಗೆ ಮುಗಿಯುತ್ತಿತ್ತು. ಬಿಳಿ ಟೋಪಿಯವನು ಪುಸ್ತಕ ಮುಚ್ಚಿ ಬೇರೆ ಮೈದಾನಕ್ಕೆ ಹೋಗುತ್ತಿದ್ದ. ಇದೆಲ್ಲ ಈಗ ಜೋಡಿಸಿ ಹೇಳುತ್ತಿದ್ದೇನೆ. ಆಗ ಯೋಚಿಸಲು ಒಂದು ಉಸಿರಿನಷ್ಟೂ ಹೊತ್ತು ಇರಲಿಲ್ಲ. ಬಾಯಿ ತಾನೇ ಹೇಳಿತು.

"ಸಿಕ್ಸ್ಟಿ ಟು."

ಟವೆಲಿನ ಕೆಳಗಿನಿಂದ ಶಿವು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಏನೋ ಲೆಕ್ಕ ಹಾಕುವವನ ಹಾಗೆ ತುಟಿ ಅಲ್ಲಾಡಿತು, ಅಷ್ಟೇ. ಮತ್ತೆ ಸರದಿ ಬಂದಾಗ ಎದ್ದು ಹೋದ. ಅದರ ಮುಂದಿನ ಸರದಿಗೂ ಹೋದ. ನಾನು ಯಂತ್ರ ನೋಡಿ ಎಂಟು ಕಳೆದು ಹೇಳುತ್ತಲೇ ಹೋದೆ. ನೂರಾ ಮೂರನೆಯ ಚೆಂಡು ಅವನ ಕೈಯಿಂದ ಹೊರಟದ್ದು ಎತ್ತಲೋ ಹೋಗಿ ಜಾಲರಿಗೆ ಬಡಿಯಿತು. ಅವನು ಎಡ ಮೊಣಕೈಯನ್ನು ಬಲಗೈಯಲ್ಲಿ ಹಿಡಿದು, ಮಗುವನ್ನು ಎತ್ತಿಕೊಂಡವನ ಹಾಗೆ ದಿಬ್ಬದಿಂದ ಇಳಿದು ಬಂದ. ಕುರ್ಚಿಗಳ ಸಾಲಿನಲ್ಲಿ ಗನ್ನುಗಳು ಒಂದೊಂದಾಗಿ ಕೆಳಗಿಳಿದವು.

ಮೊಣಕೈಯ ಎಲುಬುಗಳನ್ನು ಹಿಡಿದಿಡುವ ಒಳಗಿನ ಕಟ್ಟು ಹರಿದಿದೆ ಎಂದರು ಡಾಕ್ಟರರು. ಆಸ್ಪತ್ರೆಯ ಕಾರು ನಿಲ್ಲಿಸುವ ಜಾಗದಲ್ಲಿ ಅಪ್ಪ ಡೇಲ್‌ನ ಮೇಲೆ ಹರಿಹಾಯ್ದ. ನನ್ನ ಮಗನನ್ನು ದನದ ಹಾಗೆ ದುಡಿಸಿದೆ ಎಂದು ಇಂಗ್ಲಿಷಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದ. ಡೇಲ್ ಪುಸ್ತಕ ತೆಗೆದು ತೋರಿಸಿದ. ಕೊನೆಯ ಸಾಲಿನಲ್ಲಿ ತೊಂಬತ್ತೈದು. ನಾನು ಇವಳ ನಂಬರಿನ ಮೇಲೆ ನಡೆಯುತ್ತೇನೆ, ಎಂದೂ ನೂರು ದಾಟಿಸಿಲ್ಲ ಎಂದ. ಅಪ್ಪ ನನ್ನ ಕಡೆ ತಿರುಗಿದ.

"ಗಂಗಾನ ಲೆಕ್ಕ ತಪ್ಪಂಗಿಲ್ಲ. ಅದು ನನಗೊತ್ತದ. ತಪ್ಪು ನಿನ್ನದೇ ಅದ," ಎಂದ ಡೇಲ್‌ಗೆ, ಕನ್ನಡದಲ್ಲೇ.

ನಾನು ಯಂತ್ರವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ಕಾರಿನೊಳಗೆ ಶಿವು ಕಿಟಕಿಯ ಗಾಜು ಇಳಿಸಿಕೊಂಡು ಕೂತಿದ್ದ, ಎಲ್ಲ ಕೇಳಿಸಿಕೊಂಡ. ಆಮೇಲೆ ಗಾಜು ಏರಿಸಿಕೊಂಡ. ಉಳಿದ ತಂದೆತಾಯಿಗಳೂ ಒಳಗೊಳಗೇ ಮಾತಾಡಿರಬೇಕು. ಮುಂದಿನ ವರ್ಷ ಡೇಲ್ ಆ ತಂಡದಲ್ಲಿರಲಿಲ್ಲ. ಯಾಕೆಂದು ನಾನು ಯಾರನ್ನೂ ಕೇಳಲಿಲ್ಲ.

ಬಲ ಮುಂಗೈಯಿಂದ ಒಂದು ನರದಂಥ ಎಳೆ ತೆಗೆದು ಎಡ ಮೊಣಕೈಗೆ ಹೊಲಿದರು. ಹೀಗಾಗಿ ಕೆಲವು ದಿನ ಎರಡೂ ಕೈಗೆ ಪಟ್ಟಿ. ಅವ್ವ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಅವನ ಬಾಯಿಗಿಡುತ್ತಿದ್ದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಯ ಮೇಲೆ ಸುಟ್ಟಳು. ಹೊಗೆಗೆ ಮನೆಯ ಅಲಾರಂ ಕೂಗಿಕೊಂಡಿತು. ಆ ಗದ್ದಲದಲ್ಲಿ ಅವಳು ಅತ್ತದ್ದು ಯಾರಿಗೂ ಕೇಳಲಿಲ್ಲ. ಗ್ಯಾರೇಜಿನ ಸದ್ದು ನಿಂತ ಆ ಮನೆಯಲ್ಲಿ ನಾನು ರೊಟ್ಟಿ ಬಡಿಯುವುದು ತಾಳ ತಪ್ಪಿತು. ದೊಡ್ಡ ಕಾಲೇಜುಗಳ ಪತ್ರ ನಿಂತವು. ವಾಷಿಂಗ್‌ಟನ್ ಹತ್ತಿರದ ಒಂದು ಸಣ್ಣ ಕಾಲೇಜು ಮಾತ್ರ ಕೊಟ್ಟ ಮಾತು ಉಳಿಸಿಕೊಂಡು ಅವನನ್ನು ಕರೆಯಿತು. ಅದೇ ವರ್ಷ ನಾನೂ ಅದರ ಹತ್ತಿರದ ರಾಕ್‌ವಿಲ್ಲಿಗೆ ಬಂದೆ. ಚಿಕ್ಕ ಮಕ್ಕಳ ಡೇಕೇರ್ ಒಂದರ ಅಡುಗೆಮನೆಯಲ್ಲಿ ಕೆಲಸ. ಅವನನ್ನು ನೋಡಿಕೊಳ್ಳಲು ಹೋಗುತ್ತಾಳೆ ಎಂದು ಅವ್ವ ಎಲ್ಲರಿಗೂ ಹೇಳಿದಳು. ಅಪ್ಪನ ನಂಬಿಕೆಯ ಎದುರು ದಿನವೂ ಕೂತು ಉಣ್ಣಲಾಗದೆ ಹೊರಟವಳು ನಾನು.

ಆ ಕಾಲೇಜಿನ ತಂಡಕ್ಕೆ ಅವನ ಕೊನೆಯ ಆಟ ಏಪ್ರಿಲಿನ ಒಂದು ಶನಿವಾರ ಮಧ್ಯಾಹ್ನ. ಮೈದಾನದ ಸುತ್ತ ಹತ್ತಿಪ್ಪತ್ತು ಜನ, ಕಂಬಳಿ ಹೊದ್ದವರು. ಗನ್ನಿನವರು ಯಾರೂ ಇಲ್ಲ. ಅವನ ಕೈ ಮೊದಲಿನ ಹಾಗೆಯೇ ಮೇಲೆ ಹೋಗುತ್ತಿತ್ತು, ಆದರೆ ಚೆಂಡು ಬರುವುದನ್ನು ನಾನೂ ಕಣ್ಣಿನಿಂದ ಹಿಂಬಾಲಿಸಬಹುದಿತ್ತು. ಎದುರಿನ ಹುಡುಗರು ಅವಸರವಿಲ್ಲದೆ ಕಾದು ಹೊಡೆಯುತ್ತಿದ್ದರು. ಆಮೇಲೆ ಹೊಡೆಯುವುದೂ ಬೇಕಾಗಲಿಲ್ಲ. ಒಬ್ಬನಿಗೆ ನಾಲ್ಕು ಚೆಂಡು ಗುರಿ ಬಿಟ್ಟು ಬಿದ್ದರೆ ಅವನು ಹೊಡೆಯದೆಯೇ ಮೊದಲ ನೆಲೆಗೆ ನಡೆಯಬಹುದು; ನಾಲ್ವರು ಹಾಗೆ ನಡೆದುಕೊಂಡೇ ಹೋದರು. ಕೋಚ್ ನಡೆದು ಬಂದು ಕೈ ಚಾಚಿದ. ಶಿವು ಅವನ ಮುಖ ನೋಡದೆ ಚೆಂಡನ್ನು ಆ ಕೈಯಲ್ಲಿಟ್ಟ. ಮೂವತ್ತನಾಲ್ಕು ಎಸೆತ. ಯಾರೂ ಹೇಳದಿದ್ದರೂ ಎಣಿಸಿದ್ದೆ.

ಮರುದಿನ ಮಧ್ಯಾಹ್ನ ನನ್ನ ಕೋಣೆಗೆ ಬಂದ. ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ಬಲಗೈಯಲ್ಲಿ ಉಂಡ, ಈಗಲೂ ನಿಧಾನ. ಮುಂಗೈಯಲ್ಲಿ ಹೊಲಿಗೆಯ ಗುರುತು ಬೆಳ್ಳಗೆ ಕಾಣುತ್ತಿತ್ತು.

"ನಿನ್ನೆ ಯೂನಿಫಾರ್ಮ್ ವಾಪಸ್ ಕೊಟ್ಟೆ," ಎಂದ. "ಐ ಆಮ್ ಡನ್, ಅಕ್ಕಾ. ಅಪ್ಪಗ ನೀ ಹೇಳ್ತಿಯಾ?"

ಮತ್ತೆ ನನಗೇ ಹೇಳಲು ಕೊಟ್ಟಿದ್ದ. 

"ಶಿವು, ಅಟ್ಲಾಂಟಾದಾಗ, ಆ ದಿನ ನಾ..."

"ನೂರಾ ಮೂರು," ಎಂದ ಅವನು, ರೊಟ್ಟಿ ಮುರಿಯುತ್ತ.

ನಾನು ಆ ಅಂಕಿಯನ್ನು ಯಾರಿಗೂ ಹೇಳಿರಲಿಲ್ಲ.

"ನಾನೂ ಎಣಸ್ತಿದ್ದೆ. ಎವ್ರಿ ಗೇಮ್. ಗ್ಯಾರೇಜಿನ್ಯಾಗ ಮಾಡ್ತಿದ್ವಲ್ಲ, ಹಂಗ. ಕೋಚ್ ಕೇಳಿದಾಗ ಎಪ್ಪತ್ತು ಇತ್ತು. ನೀ ಸಿಕ್ಸ್ಟಿ ಟು ಅಂದಿ. ಫಸ್ಟ್ ನನ್ನ ಕನ್ನಡ ನಂಬರ್ ತಪ್ಪೇದ ಅನ್ಕೊಂಡೆ."

"ಆಮ್ಯಾಲ?"

"ಆಮ್ಯಾಲ ನಿನ್ನ ಮುಖ ನೋಡ್ದೆ. ಅಕ್ಕಾಗ ಬೇಕಾಗೇದ ಅಂತ ಗೊತ್ತಾತು." ನೀರು ಕುಡಿದು ಲೋಟ ಕೆಳಗಿಟ್ಟ. "ಅದಕ್ಕ ಹೋದೆ."

ಎದ್ದು ತಟ್ಟೆ ತೆಗೆದು ಸಿಂಕಿನಲ್ಲಿಟ್ಟೆ.  ಆಮೇಲೆ ಏನು ಮಾಡಬೇಕೆಂದು ತೋಚದೆ ಔಡಲೆಣ್ಣೆ ಬಿಸಿಮಾಡಿದೆ. ಅವನು ಬೇಡ ಎನ್ನಲಿಲ್ಲ. ಮೊದಲಿನ ಹಾಗೆಯೇ ನೆಲದ ಮೇಲೆ ಗೋಡೆಗೊರಗಿ ಕೂತು ಎಡಗೈ ಚಾಚಿದ. ಮೊಣಕೈ ಪೂರ್ತಿ ನೆಟ್ಟಗಾಗಲಿಲ್ಲ. ಆ ಸ್ವಲ್ಪ ಬಾಗು ಹಾಗೇ ಉಳಿದುಬಿಟ್ಟಿದೆ. ಕಿಟಕಿಯಿಂದ ಬಿಸಿಲು ಅವನ ಮುಖದ ಮೇಲೆ ಬಿದ್ದಿತ್ತು. ಕಣ್ಣು ಮುಚ್ಚಿದ್ದ. ನಾನು ಬಲಗೈಯಿಂದ ಭುಜದಿಂದ ಬೆರಳವರೆಗೆ ಎಳೆದು ತಿಕ್ಕುತ್ತಿದ್ದೆ. ನನ್ನ ಎಡಗೈ ಮಡಿಲಲ್ಲಿತ್ತು. ಅದರ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಒಂದೊಂದೇ ಗೆಣ್ಣು ದಾಟುತ್ತಿತ್ತು, ನನಗೇ ತಿಳಿಯದೆ.

"ಎಣಸಬ್ಯಾಡ, ಅಕ್ಕಾ," ಎಂದ ಶಿವು, ಕಣ್ಣು ತೆರೆಯದೆ.

ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ. ಎಣ್ಣೆ ಆರುವವರೆಗೂ ಬಿಡಿಸಲಿಲ್ಲ.